ಗೃಹಿಣಿಯರ ಪುಟ: ಕ್ರಿಸ್‌ಮಸ್ಸಿಗೆ ಕೈಯಡುಗೆಯ ಕಾಣಿಕೆ

ಸೋದರಿಯರೆ, ಡಿಸೆಂಬರ್ ೨೫ಕ್ಕೆ ನೆರೆಮನೆಯವರಿಗೆ ಏನು ಕೊಡೋಣ? ಬೆಲೆಬಾಳುವ ಉಡುಗೊರೆ ಕೊಟ್ಟರೆ ಪಡೆದವರ ಮೇಲೆ ಋಣದ ಹೊರೆ. ಮಂಗಳೂರಿನ ಕ್ರೈಸ್ತರ ರೂಢಿ ಇದಕ್ಕಿಂತ ಮೇಲು: ಮನೆಯಲ್ಲೇ ಮಾಡಿದ ‘ಕುಸ್ವಾರ್’ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ನೆರೆಹೊರೆಗೆ ಹಂಚುತ್ತಾರೆ. ಅವುಗಳಲ್ಲೊಂದು ‘ಕಿಡಿಯೊ’. ಖರ್ಚು ಕಡಿಮೆ; ಯಾರೂ ಮಾಡಬಹುದು.

ಎರಡು ಲೋಟ ಮೈದಾಹಿಟ್ಟಿಗೆ ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ, ದಪ್ಪ ತೆಂಗಿನಹಾಲನ್ನು ಬೇಕಾದಷ್ಟೇ ಹಾಕುತ್ತ ಪೂರಿಯ ಹಿಟ್ಟಿನಂತೆ ಗಟ್ಟಿಯಾಗಿ ನಾದಿರಿ. ಅರ್ಧ ಗಂಟೆ ಮುಚ್ಚಿಡಿ. ಗೋಲಿಯಷ್ಟು ಉಂಡೆಗಳನ್ನು ಮಾಡಿ, ಎಣ್ಣೆ ಸವರಿದ ಹೊಸ ಬಾಚಣಿಗೆಯ ಮೇಲೆ ತೆಳ್ಳಗೆ ಒತ್ತಿ, ಸುರುಳಿ ಸುತ್ತಿರಿ. ಹದವಾದ ಉರಿಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಬಳಿಕ ಗಟ್ಟಿ ಸಕ್ಕರೆಪಾಕದಲ್ಲಿ, ಸಕ್ಕರೆ ಬೆಳ್ಳಗೆ ಅಂಟುವವರೆಗೆ ಹೊರಳಿಸಿರಿ.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು, ಬಿಸಿಯಿದ್ದರೆ ಮೆತ್ತಗಾಗುತ್ತದೆ. ತೊಳೆದು ಒಣಗಿಸಿದ ಬಿಸ್ಕತ್ತಿನ ಡಬ್ಬಿ ಸಾಕು. ಹೊರಗೆ ಹಳೆಯ ಕ್ಯಾಲೆಂಡರಿನ ಚಿತ್ರ ಸುತ್ತಿ, ದಾರ ಕಟ್ಟಿದರೆ ಅಂದ.

ಸುರುಳಿ ಸುತ್ತುವ ಕೆಲಸ ಮಕ್ಕಳಿಗಿರಲಿ. ಅಂಕುಡೊಂಕಾದರೆ ಆಗಲಿ! ಹಬ್ಬದ ದಿನ ಡಬ್ಬಿಯನ್ನು ಅವರೇ ಒಯ್ದು ಕೊಡಲಿ. ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಪಕ್ಕದ ಮನೆಯವರೇ ಹತ್ತಿರದ ನಂಟರಲ್ಲವೆ?