ಹೂತ ವಿಷವನ್ನು ಎತ್ತಲೇಬೇಕು: ಆರು ಆಕ್ಷೇಪಗಳಿಗೆ ಉತ್ತರ

ಕಾಸರಗೋಡಿನ ಮಿಂಚಿನಪದವು ಗುಡ್ಡದ ಎಂಡೋಸಲ್ಫಾನ್ ವಿಚಾರವನ್ನು ಮಂಡ್ಯದಲ್ಲಿ ಎತ್ತಿದರೆ ಕೇಳುವವರು ಮೊದಲು ಹುಬ್ಬೇರಿಸುತ್ತಾರೆ. ನಮ್ಮ ಜಿಲ್ಲೆಯ ಹಳೆಯ ಕೀಟನಾಶಕಗಳ ಲೆಕ್ಕವನ್ನೂ ತೆಗೆಯಬೇಕು ಎಂದು ಸೇರಿಸಿದರೆ ಆಕ್ಷೇಪಗಳು ಸಾಲಾಗಿ ಬರುತ್ತವೆ. ಮಂಡ್ಯದ ವಕೀಲರು, ಮದ್ದೂರಿನ ಔಷಧಿ ಅಂಗಡಿಯವರು, ಮಳವಳ್ಳಿಯ ರೈತ ಮುಖಂಡರು ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಅವೇ ಮಾತು. ಅವನ್ನು ಹಗುರವಾಗಿ ತಳ್ಳಿಹಾಕಲಾಗದು, ಒಂದೊಂದಕ್ಕೂ ಉತ್ತರ ಕೊಡಬೇಕು.

ಮೊದಲು ಹಿನ್ನೆಲೆ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿತು. ಕನ್ನಡ, ತುಳು ಮಾತಾಡುವ ಪಡ್ರೆ, ಸ್ವರ್ಗ, ವಾಣಿನಗರದಂಥ ಹಳ್ಳಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳು ಕಾಣಿಸಿದವು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ಅವನ್ನು ದಾಖಲಿಸಿದರು, ಪತ್ರಕರ್ತ ಶ್ರೀ ಪಡ್ರೆ ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಇದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿಯಲ್ಲಿ, ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಸಿಂಪಡಣೆ ನಿಂತಿತು, ಮಿಕ್ಕ ದಾಸ್ತಾನು ಉಳಿಯಿತು. ಅದರಲ್ಲಿ ಒಂದಷ್ಟನ್ನು ಮಿಂಚಿನಪದವಿನ ಪಾಳುಬಾವಿಗೆ ಸುರಿದು ಮುಚ್ಚಿದ್ದಾರೆ ಎಂಬ ಆರೋಪ ಬಹಳ ವರ್ಷಗಳದು. ಉಡುಪಿಯ ಹೋರಾಟಗಾರ ಡಾ. ರವೀಂದ್ರನಾಥ ಶ್ಯಾನುಭಾಗರು ಅದನ್ನು ಹಸಿರು ನ್ಯಾಯಮಂಡಳಿಯವರೆಗೂ ಒಯ್ದಿದ್ದಾರೆ. ಹೂತ ವಿಷ ಮಳೆನೀರಿನ ಜೊತೆ ಕಡಲಿಗೆ ಇಳಿದೀತು ಎಂಬುದೇ ಆತಂಕ.

ಇನ್ನು ಆಕ್ಷೇಪಗಳು.

1. "ಕಾಸರಗೋಡು ಎಲ್ಲಿ, ಮಂಡ್ಯ ಎಲ್ಲಿ? ಸಮುದ್ರದ ಚಿಂತೆ ನಮಗ್ಯಾಕೆ ಸ್ವಾಮಿ?"

ನೀರು ಹರಿಯುವ ದಾರಿ ನೋಡಿ. ಕಾಸರಗೋಡಿನ ಗುಡ್ಡಗಳ ತೋಡುಗಳು ಪಯಸ್ವಿನಿ, ಶಿರಿಯದಂಥ ಹೊಳೆಗಳನ್ನು ಸೇರಿ ಅರಬ್ಬೀ ಕಡಲಿಗೆ ಹೋಗುತ್ತವೆ. ಮದ್ದೂರಿನ ಶಿಂಷಾ ಮಳವಳ್ಳಿ ತಾಲ್ಲೂಕು ದಾಟಿ ಕಾವೇರಿಗೆ ಸೇರುತ್ತದೆ, ಕಾವೇರಿ ಪೂಂಪುಹಾರ್‌ನಲ್ಲಿ ಬಂಗಾಳಕೊಲ್ಲಿ ಸೇರುತ್ತದೆ. ನಾವು ಕಡಲತೀರದವರಲ್ಲದಿದ್ದರೂ ಕಡಲಿಗೆ ನೀರು ಕಳಿಸುವವರು ಹೌದು. ನಡುವೆ ಕುಡಿಯುವವರೂ ಇದ್ದಾರೆ: ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತಿದೆ. ಕಾವೇರಿ ನೀರಿನ ಪಾಲಿಗಾಗಿ ಹೆದ್ದಾರಿಯಲ್ಲಿ ಕೂರುವ ನಾವು, ಅದೇ ನೀರಿನಲ್ಲಿ ಏನು ಹೋಗುತ್ತಿದೆ ಎಂದು ಕೇಳಿದಾಗ ಸಂಬಂಧವಿಲ್ಲ ಎಂದರೆ ಒಪ್ಪುವವರಾರು?

2. "ಇಪ್ಪತ್ತು ವರ್ಷ ಆಯ್ತು. ಇಷ್ಟು ಹೊತ್ತಿಗೆ ಮಣ್ಣಲ್ಲಿ ಮಣ್ಣಾಗಿರುತ್ತೆ."

ಇದು ತೋಟದ ಮಣ್ಣಿನ ಮೇಲ್ಪದರಕ್ಕೆ ಸ್ವಲ್ಪಮಟ್ಟಿಗೆ ನಿಜ. ಬಿಸಿಲು, ಗಾಳಿ, ಸೂಕ್ಷ್ಮಜೀವಿಗಳು ಎಂಡೋಸಲ್ಫಾನನ್ನು ಒಡೆಯುತ್ತವೆ. ಆದರೆ ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಮೂಲದಷ್ಟೇ ವಿಷಕಾರಿ, ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಎರಡೂ ಸೇರಿದರೆ ಅರ್ಧದಷ್ಟು ಕಡಿಮೆಯಾಗಲು ಮಣ್ಣನ್ನು ನೋಡಿಕೊಂಡು ಒಂಬತ್ತು ತಿಂಗಳಿನಿಂದ ಆರು ವರ್ಷ ಬೇಕು. ಇದೂ ಮಣ್ಣಿನ ಮೇಲೆ ತೆಳುವಾಗಿ ಬಿದ್ದ ಮದ್ದಿನ ಲೆಕ್ಕ. ಗಾಳಿ, ಬೆಳಕು ತಾಗದ ಬಾವಿಯ ತಳದಲ್ಲಿ ಗಟ್ಟಿ ಮದ್ದು ಒಂದೇ ಕಡೆ ಕೂತಿದ್ದರೆ ಆ ಲೆಕ್ಕ ಹಿಡಿಯುವುದಿಲ್ಲ.

ಇದಕ್ಕೆ ನಮ್ಮೂರಲ್ಲೇ ಸಾಕ್ಷಿ ಸಿಗುತ್ತದೆ. ಹಳೆಯ ತೊಟ್ಟಿಮನೆಯ ಕೊಟ್ಟಿಗೆ ಅಟ್ಟ ಹತ್ತಿ ನೋಡಿ. ಹರಿದ ಗೋಣಿಚೀಲ, ಮುರಿದ ನೊಗದ ಹಿಂದೆ ತುಕ್ಕು ಹಿಡಿದ ತಗಡಿನ ಡಬ್ಬಿ ಕಾಣುತ್ತದೆ. ಚೀಟಿಯನ್ನು ಗೆದ್ದಲು ತಿಂದಿರುತ್ತದೆ, ಮುಚ್ಚಳ ಅಂಟಿಕೊಂಡಿರುತ್ತದೆ, ತಳದ ಅಂಚಿನಲ್ಲಿ ಒಸರಿದ ಕಂದು ಕಲೆ ಹಲಗೆಗೆ ಇಳಿದಿರುತ್ತದೆ. ಹೆಸರು ಅಳಿಸಿದರೂ ವಾಸನೆ ಹೋಗಿರುವುದಿಲ್ಲ. ಗ್ಯಾಮಾಕ್ಸಿನ್ ಎಂದು ಕರೆಯುತ್ತಿದ್ದ ಬಿಎಚ್‌ಸಿ ಪುಡಿಗೆ ನಿಷೇಧ ಬಿದ್ದದ್ದು 1997ರಲ್ಲಿ, ಬೇಸಾಯದಲ್ಲಿ ಡಿಡಿಟಿ ಬಳಕೆಗೆ ತಡೆ ಬಿದ್ದದ್ದು 1989ರಲ್ಲಿ. ನಿಷೇಧದ ಆದೇಶ ಅಂಗಡಿಯ ಮಾರಾಟ ನಿಲ್ಲಿಸಿತು, ಅಟ್ಟದ ಡಬ್ಬಿಯನ್ನು ಖಾಲಿ ಮಾಡಲಿಲ್ಲ.

3. "ನೀರು ಪರೀಕ್ಷೆ ಮಾಡಿದರೆ ಏನೂ ಸಿಗಲ್ಲ. ಸುಮ್ಮನೆ ಭಯ ಹುಟ್ಟಿಸ್ತೀರಿ."

ಎಲ್ಲಿ, ಯಾವಾಗ, ಏನನ್ನು ಹುಡುಕಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅದು ಮಣ್ಣಿನ ಕಣಕ್ಕೆ, ಕೆಸರಿಗೆ, ಮೀನಿನ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ತಿಳಿನೀರು ತುಂಬಿಸಿಕೊಂಡು ಹೋದರೆ ವರದಿ ಖಾಲಿ ಬರುವುದು ಸಹಜ. ಮುಂಗಾರಿನ ಮೊದಲ ಮಳೆಗಳಲ್ಲಿ ತೋಡು ಕೆಂಪಗೆ ಹರಿಯುವಾಗ ಕೆಸರನ್ನು ತೆಗೆಯಬೇಕು, ಮೂಲ ಮದ್ದಿನ ಜೊತೆ ಸಲ್ಫೇಟನ್ನೂ ಹುಡುಕಬೇಕು, ಗುಡ್ಡದ ಕೆಳಗಿನ ಬಾವಿ ಮತ್ತು ಸುರಂಗಗಳನ್ನು ವರ್ಷಗಟ್ಟಲೆ ಗಮನಿಸಬೇಕು. ಕಾಸರಗೋಡಿನ ಎಷ್ಟೋ ಮನೆಗಳು ಕುಡಿಯುವ ನೀರಿಗೆ ಮುರಕಲ್ಲಿನ ಗುಡ್ಡವನ್ನು ಅಡ್ಡಡ್ಡ ಕೊರೆದ ಸುರಂಗಗಳನ್ನು ನಂಬಿವೆ. ಮುರಕಲ್ಲು ನೀರನ್ನು ಸುಲಭವಾಗಿ ಒಳಬಿಡುವ ಕಲ್ಲು. ಒಂದು ಸಲದ ವರದಿಯಲ್ಲಿ ಸಿಗದಿದ್ದರೆ ಆ ದಿನ ಆ ಜಾಗದಲ್ಲಿ ಸಿಗಲಿಲ್ಲ ಎಂದಷ್ಟೇ ಹೇಳಬಹುದು.

4. "ಸಮುದ್ರ ದೊಡ್ಡದು. ಅಷ್ಟು ನೀರಲ್ಲಿ ಇಷ್ಟು ವಿಷ ಏನು ಮಾಡೀತು?"

ಹೀಗೆ ನಂಬಿದವರ ಕತೆ ಮೂರು ಕಡಲತೀರಗಳಲ್ಲಿದೆ. ಜಪಾನಿನ ಮಿನಮಾಟಾದಲ್ಲಿ ಚಿಸ್ಸೋ ಕಾರ್ಖಾನೆಯ ಪಾದರಸ ಕೊಲ್ಲಿಗೆ ಇಳಿಯಿತು, ಮೀನು ತಿಂದವರ ನರ ಹಾಳಾಯಿತು. ರೋಗ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ, ತ್ಯಾಜ್ಯ ನಿಂತದ್ದು 1968ರಲ್ಲಿ, ಕೆಸರು ಎತ್ತುವ ಕೆಲಸ ಮುಗಿದದ್ದು 1990ರಲ್ಲಿ. ಅದಕ್ಕೆ ಸುಮಾರು 4,850 ಕೋಟಿ ಯೆನ್ ಖರ್ಚಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮಾಂಟ್ರೋಸ್ ಕಂಪನಿ 1947ರಿಂದ 1971ರವರೆಗೆ ಚರಂಡಿಯ ಮೂಲಕ ಕಡಲಿಗೆ ಬಿಟ್ಟ ಡಿಡಿಟಿ ಪಾಲೋಸ್ ವರ್ಡೆಸ್ ತೀರದ ತಳದ ಕೆಸರಿನಲ್ಲಿ ದಶಕಗಳ ನಂತರವೂ ಉಳಿದಿತ್ತು, ಅಲ್ಲಿನ ಕೆಲವು ಮೀನು ತಿನ್ನಬೇಡಿ ಎಂದು ಸರ್ಕಾರವೇ ಹೇಳಬೇಕಾಯಿತು. ದೂರದ ಮಾತೇಕೆ, ನಮ್ಮ ಕಾರವಾರದ ಬಳಿ ಪಾದರಸ ಬಳಸುತ್ತಿದ್ದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಆಸುಪಾಸಿನ ಕಡಲಲ್ಲಿ ಸೇರಿದ ಪಾದರಸದ ಬಗ್ಗೆ 1990ರಲ್ಲೇ ವೈಜ್ಞಾನಿಕ ಅಧ್ಯಯನ ಪ್ರಕಟವಾಗಿದೆ.

ಕಡಲು ದೊಡ್ಡದು ನಿಜ, ಆದರೆ ವಿಷ ಇಡೀ ಕಡಲಿಗೆ ಹಂಚಿಹೋಗುವುದಿಲ್ಲ. ಅಳಿವೆಯ ಕೆಸರಿನಲ್ಲಿ ಕೂರುತ್ತದೆ. ಮೀನು ಮರಿಯಾಗುವುದೂ, ಮೀನುಗಾರ ಬಲೆ ಬೀಸುವುದೂ, ಚಿಪ್ಪು ಹೆಕ್ಕುವುದೂ ಅಲ್ಲೇ. ಎಂಡೋಸಲ್ಫಾನ್ ಮೀನಿಗೆ ಎಂಥ ವಿಷವೆಂದರೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು. 1969ರಲ್ಲಿ ಯೂರೋಪಿನ ರೈನ್ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಕಾರಣವೆಂದು ಬೆರಳು ತೋರಿಸಿದ್ದು ಇದೇ ಮದ್ದಿನ ಕಡೆಗೆ.

5. "ಹೂತಿದ್ದನ್ನು ಕೆದಕಿದರೆ ಇನ್ನೂ ಅಪಾಯ. ಇದ್ದಲ್ಲಿ ಇರಲಿ ಬಿಡಿ."

ಆರರಲ್ಲಿ ಇದೇ ಹೆಚ್ಚು ತೂಕದ ಮಾತು. ಅಗೆಯುವ ಯಂತ್ರ ತಂದು ಒಂದೇ ದಿನ ಬಗೆದು ಹಾಕಿದರೆ ಖಂಡಿತ ಅಪಾಯ. ಅದಕ್ಕೇ ವಿಧಾನ ಮುಖ್ಯ. ಕಾಸರಗೋಡಿನ ಗೋದಾಮುಗಳಲ್ಲಿ ಸೋರುತ್ತಿದ್ದ ಬ್ಯಾರೆಲ್‌ಗಳ ಎಂಡೋಸಲ್ಫಾನನ್ನು 2012ರಲ್ಲಿ ರಕ್ಷಣಾ ಉಡುಪು ತೊಟ್ಟವರು ಹೊಸ ಬ್ಯಾರೆಲ್‌ಗಳಿಗೆ ವರ್ಗಾಯಿಸಿದರು. ಅದು ಆದ ಕೆಲಸ, ಆಗದ್ದಲ್ಲ. ಬಾವಿಗೂ ಅದೇ ಎಚ್ಚರ ಬೇಕು: ಮಳೆ ಇಲ್ಲದ ತಿಂಗಳು, ಮೇಲೆ ಚಾವಣಿ, ಸುತ್ತ ನೀರು ಹೊರಹೋಗದ ಕಟ್ಟೆ, ಮುಚ್ಚಿದ ಡ್ರಮ್ಮು, ಕೊನೆಗೆ ಸಾವಿರ ಡಿಗ್ರಿ ದಾಟುವ ದಹನ.

ಇದ್ದಲ್ಲೇ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಭೋಪಾಲ್ ಇದೆ. 1984ರ ಅನಿಲ ದುರಂತದ ಕಾರ್ಖಾನೆಯಲ್ಲಿ ಉಳಿದ ತ್ಯಾಜ್ಯದ 337 ಟನ್ ಪೀತಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ನಂತರ. ತಮ್ಮೂರಲ್ಲಿ ಸುಡಬೇಡಿ ಎಂದು ಅಲ್ಲಿನ ಜನ ಬೀದಿಗಿಳಿದರು. ಆ ಸಿಟ್ಟಿಗೂ ಕಾರಣವಿದೆ. ತಡ ಮಾಡಿದಷ್ಟೂ ಜನರ ನಂಬಿಕೆ ಹೋಗುತ್ತದೆ, ನಂಬಿಕೆ ಹೋದ ಮೇಲೆ ಸರಿಯಾದ ಕೆಲಸವನ್ನೂ ಯಾರೂ ನಂಬುವುದಿಲ್ಲ.

6. "ದುಡ್ಡು ಯಾರು ಕೊಡೋರು? ಕೊನೆಗೆ ರೈತರ ಮೇಲೆ ಕೇಸು ಹಾಕಿಸೋಕೆ ಇದೆಲ್ಲ."

ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆಯನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಕಾನೂನಾಗಿಸಿದೆ. ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿಯಲ್ಲಿ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಿಸುವ ಕಾರ್ಖಾನೆಗಳ ಕೆಸರಿನಿಂದ ಬಾವಿಗಳ ನೀರು ಕೆಟ್ಟಾಗ, ಮಾಲಿನ್ಯ ಮಾಡಿದವನೇ ತೆರಬೇಕು, ಶುಚಿ ಮಾಡುವ ಖರ್ಚೂ ಅವನದೇ ಎಂದಿತು. ಮಿಂಚಿನಪದವಿನ ಮದ್ದು ಕೊಂಡವರು ಯಾರು, ಆ ತೋಟ ಯಾರದು ಎನ್ನುವುದರಲ್ಲಿ ಗುಟ್ಟಿಲ್ಲ. ಬಾವಿಯಲ್ಲಿ ವಿಷ ಇದೆ ಎಂದು ಸಾಬೀತಾದರೆ ಬಿಲ್ಲು ಅವರ ಹೆಸರಿಗೇ ಹೋಗಬೇಕು.

ರೈತನ ಮಾತು ಬೇರೆ. ಅವನು ಅಟ್ಟದ ಆ ಡಬ್ಬಿ ಕೊಂಡಾಗ ಅದು ಕಾನೂನುಬದ್ಧ ಮಾಲು. ಸರ್ಕಾರವೇ ಅದನ್ನು ಶಿಫಾರಸು ಮಾಡಿತ್ತು, ಸೊಸೈಟಿ ಸಾಲ ಕೊಟ್ಟಿತ್ತು. ಅವನ ಮೇಲೆ ಕೇಸು ಹಾಕುವುದು ಅನ್ಯಾಯ. ಕೇಸಿನ ಹೆದರಿಕೆ ಹುಟ್ಟಿಸಿದರೆ ಡಬ್ಬಿ ಅಟ್ಟದಿಂದ ನೇರ ನಾಲೆಗೆ ಬೀಳುತ್ತದೆ. ನಾವು ಕೇಳುವುದು ಉಲ್ಟಾ: ರೈತ ಸಂಪರ್ಕ ಕೇಂದ್ರಗಳು ಹೆಸರು ಕೇಳದೆ, ದಂಡ ಹಾಕದೆ ಹಳೆಯ ಡಬ್ಬಿಗಳನ್ನು ವಾಪಸು ತೆಗೆದುಕೊಳ್ಳಲಿ. ಸೊಸೈಟಿಗಳ ಮುಚ್ಚಿದ ಗೋದಾಮು, ಇಲಾಖೆಗಳ ಹಳೆಯ ದಾಸ್ತಾನು ಕೊಠಡಿಗಳ ಬೀಗ ತೆಗೆದು ಪಟ್ಟಿ ಮಾಡಲಿ. ಸಿಕ್ಕಿದ್ದು ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಪರವಾನಗಿ ಇರುವ ಘಟಕಕ್ಕೇ ಹೋಗಲಿ. ಖರ್ಚನ್ನು ತಯಾರಕ ಕಂಪನಿಗಳು ಮತ್ತು ಸರ್ಕಾರ ಹೊರಲಿ.

ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿತು, ಎಂಡೋಸಲ್ಫಾನ್ ಆ ಒಪ್ಪಂದದ ದೀರ್ಘಕಾಲ ಉಳಿಯುವ ವಿಷಗಳ ಪಟ್ಟಿಗೆ ಬಂದದ್ದು 2011ರಲ್ಲಿ. ದಾಸ್ತಾನುಗಳನ್ನು ಗುರುತಿಸಿ ಸುರಕ್ಷಿತವಾಗಿ ವಿಲೇವಾರಿ ಮಾಡುವುದು ಆ ಒಪ್ಪಂದದ ಷರತ್ತು. ಹಾಗಾಗಿ ಇದು ಯಾರದೋ ದಯೆಗೆ ಬಿಟ್ಟ ಕೆಲಸವಲ್ಲ. ಮಿನಮಾಟಾದಲ್ಲಿ ಕೆಸರು ಎತ್ತಲು ಹದಿಮೂರು ವರ್ಷ ಹಿಡಿಯಿತು, ಒಂದು ಪಾಳುಬಾವಿಗೆ ಒಂದು ಬೇಸಿಗೆ ಸಾಕಾದೀತು. ವಿಷ ಇನ್ನೂ ಬಾವಿಯಲ್ಲಿ, ಅಟ್ಟದಲ್ಲಿ, ಗೋದಾಮಿನಲ್ಲಿ ಕೈಗೆ ಸಿಗುವಂತಿರುವಾಗ ಎತ್ತುವುದು ಅಗ್ಗ. ಅಳಿವೆಯ ಕೆಸರು ಸೇರಿದ ಮೇಲೆ ಎತ್ತುವುದು ಯಾವ ಜಿಲ್ಲೆಯ ಬಜೆಟ್ಟಿಗೂ ಎಟುಕದ ಮಾತು. ಮಂಡ್ಯದ ಜಿಲ್ಲಾಡಳಿತ ಮುಂದಿನ ಮುಂಗಾರಿನೊಳಗೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳೆಯ ದಾಸ್ತಾನಿನ ಪಟ್ಟಿಯನ್ನಾದರೂ ಜನರ ಮುಂದಿಡಲಿ. ಕಾಸರಗೋಡಿನ ಬಾವಿಯ ಬಗ್ಗೆ ಕೇರಳವನ್ನು ಗಟ್ಟಿಯಾಗಿ ಕೇಳಲು ನಮಗೆ ಆಗ ಬಾಯಿ ಬರುತ್ತದೆ.