ಬೆರಳಿಗೆ ಅಂಟಲಿಲ್ಲ ಅಂದ್ರ ಒಣಗೇತಿ ಅಂತಲ್ಲ

ಸಂಡಗಿ ಇಡೋ ಕೈಗೆ ಒಣಗಸೂದು ಹೇಳಿಕೊಡಬೇಕೇನು ಅಂತ ನೀವು ನನ್ನ ಬೈಬಹುದು. ಬೈರಿ. ಆದರ ನಮ್ಮ ಓಣ್ಯಾಗ ಬಟ್ಟಿ ಚೀಲದ ಮ್ಯಾಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡೋ ಹೆಣ್ಮಕ್ಕಳು ಮಳಿಗಾಲದಾಗ ಪಡೋ ಪಾಡು ನೋಡಿದರ, ಸಂಡಗಿಗೆ ಕೊಡೋ ಮರ್ಯಾದಿ ಸ್ಕ್ರೀನಿಗೆ ಕೊಡವಲ್ರು ಅಂತ ಹೇಳಲೇಬೇಕಾಗೇತಿ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕಟ್ಟಿಗೆ ಬಿಗಿದ ಸಣ್ಣ ಜಾಳಿಗಿ ಬಟ್ಟಿಗೆ ಎಮಲ್ಶನ್ ಅನ್ನೋ ಅಂಟಿನಂಥದ್ದನ್ನ ಸವರಿ ಒಣಗಸತಾರ. ಅದರ ಮ್ಯಾಲೆ ಡಿಸೈನಿನ ಫಿಲ್ಮ್ ಇಟ್ಟು ಬೆಳಕು ಹಾಯಸತಾರ. ಬೆಳಕು ಬಿದ್ದದ್ದು ಗಟ್ಟಿ ಆಗತೈತಿ, ಕಪ್ಪು ಅಕ್ಷರದ ಕೆಳಗಿಂದು ನೀರಿಗೆ ತೊಳದು ಹೋಗತೈತಿ. ಆ ತೆರವಿನಾಗಿಂದ ಬಣ್ಣ ಇಳೀತೈತಿ. ಅಷ್ಟ.

ಈಗ ಜಗಳಕ್ಕ ಬರ್ತೀನಿ. "ಬೆರಳಿಗೆ ಅಂಟವಲ್ದು, ಒಣಗೇತಿ ಬಿಡ" ಅಂತಾರಲ್ಲ, ಅದು ಸುಳ್ಳು. ಹಪ್ಪಳ ಮ್ಯಾಲೆ ಒಣಗಿ ನಡುವ ಬಾಗತಿದ್ರ ಡಬ್ಬ್ಯಾಗ ತುಂಬತೀರೇನು? ತುಂಬಿದ್ರ ಬೂಸಲಾ ಹಿಡೀತೈತಿ. ಎಮಲ್ಶನ್ನಿಗೂ ಮ್ಯಾಲಿನ ಪದರ ಮೊದಲು ಒಣಗತೈತಿ, ಒಳಗ ನೀರು ಉಳಿದಿರತೈತಿ. ಆ ನೀರು ಇರೂತನಕ ಬೆಳಕಿಗೆ ಅದು ಪೂರಾ ಗಟ್ಟಿ ಆಗೂದಿಲ್ಲ. ತೊಳೆಯುವಾಗ ಉಳೀಬೇಕಾದ್ದೂ ಲೋಳಿಯಾಗಿ ಕಿತ್ತು ಬರತೈತಿ. ಅಲ್ಲಿ ಉಳದ್ರೂ ಸೂಜಿಮೊನಿಯಷ್ಟು ತೂತು ಬೀಳತಾವ, ಬಣ್ಣ ಸೋರತೈತಿ, ಅರ್ಧ ಚೀಲ ಆಗೂದ್ರಾಗ ಅಕ್ಷರ ಹರೀತಾವ. ಆಮ್ಯಾಲೆ ಅಂಗಡಿಯವನ ಮ್ಯಾಲೆ ಹಾಯೂದು, "ಎಮಲ್ಶನ್ ಕೆಟ್ಟದ್ದು ಕೊಟ್ಟಾನ" ಅಂತ. ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ!

ಹಂಗಂತ ತಪ್ಪೆಲ್ಲಾ ಹೆಣ್ಮಕ್ಕಳದ ಅನ್ನಾಕ ನಾ ತಯಾರಿಲ್ಲ. ತರಬೇತಿ ಕೊಡಾಕ ಬಂದವರು ಏಪ್ರಿಲ್ ಬಿಸಿಲಿನಾಗ ಮೂರು ದಿನ ಕಲಿಸಿ, "ಒಂದು ತಾಸು ಸಾಕು" ಅಂತ ಬರೆಸಿ, ಸರ್ಟಿಫಿಕೇಟ್ ಕೊಟ್ಟು ಹೋದರು. ಏಪ್ರಿಲ್‌ದಾಗ ಏನರ ಒಣಗತೈತಿ. ಶ್ರಾವಣದ ಜಿಟಿಜಿಟಿ ಮಳ್ಯಾಗ ಅದ ಒಂದು ತಾಸು ಯಾವ ಮೂಲಿಗೆ ಸಾಕು? ಹಾಳಾದ ಚೀಲದ ರೊಕ್ಕ ಅವರ ಕಿಸೆದಾಗಿಂದ ಹೋಗೂದಿಲ್ಲ, ಸಂಘದ ಸಾಲದಾಗಿಂದ ಹೋಗತೈತಿ.

ಅವಸರಕ್ಕ ಮಾಡೋ ಉಪಾಯಗಳಂತೂ ಕೇಳಬ್ಯಾಡ್ರಿ. ಬಿಸಿಲಿಗೆ ಹಿಡದ್ರ ಡಿಸೈನ್ ಇಡೂ ಮೊದಲ ಎಲ್ಲಾ ಗಟ್ಟಿ. ಒಲಿ ಹತ್ತರ ಇಟ್ರ, ಕೂದಲ ಒಣಗಸೋ ಡ್ರಾಯರ್ ಹಿಡದ್ರ, 40 ಡಿಗ್ರಿ ದಾಟಿದ ಕಾವಿಗೆ ಎಮಲ್ಶನ್ ಕತ್ತಲದಾಗೂ ಬಿಗೀತೈತಿ, ಆಮ್ಯಾಲೆ ತಿಕ್ಕಿದ್ರೂ ಅಕ್ಷರ ತೆರೆಯೂದಿಲ್ಲ. ಗ್ವಾಡಿಗೆ ನಿಲ್ಲಿಸಿದ್ರ ಎಮಲ್ಶನ್ ಕೆಳಗ ಇಳದು ಒಂದು ಅಂಚು ದಪ್ಪ, ಒಂದು ಅಂಚು ತೆಳು.

ಸರಿಯಾದ ಕ್ರಮ ಇಷ್ಟ. ಬೆಳಕು ಬರದ ಖೋಲಿ, ಬೇಕಾದ್ರ ಮಂದ ಹಳದಿ ಬಲ್ಬು. ಸ್ಕ್ರೀನ್ ಅಡ್ಡ ಮಲಗಿಸಿ, ಬಟ್ಟಿಗೆ ತಾಗೋ ಬದಿ ಕೆಳಗ ಮಾಡಿ, ನಾಕೂ ಮೂಲಿಗೆ ಕಟಗಿ ತುಂಡು ಕೊಡ್ರಿ. ಜಾಳಿಗಿ ಎಲ್ಲೂ ತಾಗಬಾರದು, ಕೆಳಗೂ ಮ್ಯಾಲೂ ಗಾಳಿ ಆಡಬೇಕು. ಮಳಿ ಇದ್ದಾಗ ಕಿಡಕಿ ತೆರೆದು ಫ್ಯಾನ್ ಹಾಕಿದ್ರ ಹಸಿ ಗಾಳಿನ ತಿರುಗತೈತಿ. ಕಿಡಕಿ ಮುಚ್ಚಿ, ತೇವ ಎಳಿಯೋ ಯಂತ್ರ ಇಡ್ರಿ. ಒಬ್ಬಾಕಿಗೆ ಭಾರ ಆದ್ರ ಸಂಘದಿಂದ ಒಂದು ತರ್ರಿ. ತೇವ ಅಳಿಯೋ ಸಣ್ಣ ಮೀಟರ್ ಅಂತೂ ಎಲ್ಲರೂ ಇಟ್ಟುಕೊಳ್ರಿ. ಅದು 50ರ ಕೆಳಗ ಇರಬೇಕು. ಅಂಗೈ ಹಿಂಬದಿ ಅಂಚಿಗೆ ತಾಗಿಸಿ ನೋಡ್ರಿ. ತಣ್ಣಗ ಹತ್ತಿದ್ರ ಇನ್ನೂ ನೀರು ಹಾರಲಿಕ್ಕೆ ಹತ್ತೇತಿ ಅಂತ ಅರ್ಥ. ಮಳಿಗಾಲದಾಗ ರಾತ್ರಿ ಸವರಿ ಬೆಳಿಗ್ಗೆ ಬೆಳಕು ಕೊಡೂದು ಚಲೋ. ಬೈಕ್ರೋಮೇಟ್ ಕಲಸಿದ್ದಾದ್ರ ಅದಕ್ಕಿಂತ ಹೆಚ್ಚು ದಿನ ಇಡಬ್ಯಾಡ್ರಿ, ಕತ್ತಲದಾಗ ತಾನ ಗಟ್ಟಿ ಆಗ್ತಾ ಹೋಗತೈತಿ. ಆ ಕೇಸರಿ ಪುಡಿ ವಿಷ. ಅಡಗಿಮನ್ಯಾಗ ಸ್ಕ್ರೀನ್ ಒಣಗಸಬ್ಯಾಡ್ರಿ, ಅದರ ಚಮಚಾ ಅಡಗಿಗೆ ಮುಟ್ಟಸಬ್ಯಾಡ್ರಿ. ತೊಳದ ಮ್ಯಾಲೆ ಮತ್ತ ಪೂರಾ ಒಣಗಬೇಕು. ಆಗ ಮಾತ್ರ ಬಿಸಿಲು ನಿಮ್ಮದು.

"ಆರ್ಡರ್ ನಾಳೆ ಕೊಡಬೇಕ್ರಿ ಅಕ್ಕಾರ" ಅಂತೀರಿ. ನಾಳೆ ಕೊಡ್ತೀನಿ ಅಂತ ಒಪ್ಪಿಕೊಂಡದ್ದ ಯಾಕ? ಒಣಗಸೂದು ಕೆಲಸ ಅಲ್ಲ, ಸುಮ್ಮನ ಕಾಯೂದು ಅಂತ ನಾವ ತಿಳಕೊಂಡೀವಿ. ಹಪ್ಪಳ ಮಾರುವಾಗೂ ಲಟ್ಟಿಸಿದ್ದಕ್ಕ ಕೂಲಿ ಕೇಳತೀವಿ, ಕಾಗಿ ಓಡಿಸಿ, ಮೋಡ ನೋಡಿ, ಮಗುಚಿ ಹಾಕಿದ ದಿನಾನೆಲ್ಲಾ ಪುಕ್ಕಟ ಕೊಡತೀವಿ. ನಮ್ಮ ಹೊತ್ತಿಗೆ ನಾವ ಬೆಲೆ ಕಟ್ಟದಿದ್ದರೆ ಗಿರಾಕಿ ಕಟ್ಟತಾನೇನು? ಮಳಿಗಾಲದ ಆರ್ಡರಿಗೆ ಒಂದು ದಿನ ಹೆಚ್ಚು ಕೇಳ್ರಿ, ಆ ದಿನದ ಕೂಲೀನೂ ಲೆಕ್ಕದಾಗ ಹಿಡೀರಿ. ಒಲ್ಲೆ ಅಂದವನು ಹೋಗಲಿ. ಹಸಿ ಸ್ಕ್ರೀನಿನಿಂದ ಹಾಳಾದ ಚೀಲ ಹೊತ್ತು ಬಂದು ಬೈಯೂದರಕಿಂತ ಅದು ಸೋವಿ.