ಚೀಲದ ತಳದಲ್ಲಿ ಉಳಿದ ಸೇಬು

ಪ್ರತಿವರ್ಷ ಅಕ್ಟೋಬರ್ 31ರ ಸಂಜೆ, ಹ್ಯಾಲೋವೀನ್ ಹಬ್ಬದಂದು, ಅಮೆರಿಕದ ಮಕ್ಕಳು ಭೂತ, ಮಾಟಗಾತಿ, ಗಗನಯಾತ್ರಿಗಳ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟುತ್ತಾರೆ. ‘ಟ್ರಿಕ್ ಆರ್ ಟ್ರೀಟ್’ ಎಂದು ಕೂಗಿ ಚೀಲ ಒಡ್ಡುತ್ತಾರೆ. ಏನಾದರೂ ಕೊಡಿ, ಕೊಡದಿದ್ದರೆ ಕೀಟಲೆ ಮಾಡುತ್ತೇವೆ ಎಂಬುದು ಆ ಕೂಗಿನ ತಾತ್ಪರ್ಯ. ರಾತ್ರಿ ಮನೆಗೆ ಬಂದು ಚೀಲವನ್ನು ನೆಲಕ್ಕೆ ಸುರಿದರೆ ಬೀಳುವುದೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದು: ಬೆರಳುದ್ದದ ಚಾಕೊಲೇಟು, ಬಣ್ಣದ ಕಾಗದ ಸುತ್ತಿದ ಪೆಪ್ಪರಮಿಂಟು. ಆ ರಾಶಿಯ ನಡುವೆ ಒಮ್ಮೊಮ್ಮೆ ಬೇರೆಯದೇ ಒಂದು ವಸ್ತು ಇಣುಕುತ್ತದೆ. ಹಲ್ಲುಜ್ಜುವ ಬ್ರಷ್, ಒಂದು ಹಿಡಿ ಚಿಲ್ಲರೆ ಕಾಸು, ಪೆನ್ಸಿಲ್, ಸೇಬು, ಸೂಪಿನ ಡಬ್ಬಿ, ಹಸಿ ಆಲೂಗೆಡ್ಡೆ, ಧಾರ್ಮಿಕ ಕರಪತ್ರ. ಹಬ್ಬ ಮುಗಿದು ವರ್ಷಗಳಾದ ಮೇಲೂ ಜನ ನೆನೆದು ನಗುವುದು ಇವನ್ನೇ. ಆ ನಗುವಿನೊಳಗೆ ಎರಡು ತೀರ್ಪುಗಳು ಅಡಗಿವೆ. ಇಂಥದ್ದನ್ನು ಕೊಟ್ಟವರು ಜಿಪುಣರು ಇಲ್ಲವೇ ತಿಕ್ಕಲರು ಎಂಬುದು ಒಂದು. ಮನೆಯಲ್ಲೇ ಮಾಡಿದ ತಿಂಡಿ ಕೊಟ್ಟವರನ್ನಂತೂ ನಂಬುವಂತಿಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು. ಈ ಹಬ್ಬದ ಮೂಲ ಗುಣ ಉಳಿದಿರುವುದು ಆ ವಿಚಿತ್ರ ವಸ್ತುಗಳಲ್ಲೇ. ಅವುಗಳನ್ನು ಚೀಲದಿಂದ ಹೊರಗೆ ಹಾಕಿದ್ದು ಅಪಾಯವಲ್ಲ, ಅಪಾಯದ ಕುರಿತ ವದಂತಿ.

ಹಬ್ಬದ ಬೇರು ಹಿಡಿದು ಹೋದರೆ ಚಾಕೊಲೇಟು ತೀರಾ ತಡವಾಗಿ ಬಂದ ಅತಿಥಿ ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಸತ್ತವರನ್ನು ಸ್ಮರಿಸುವ ನವೆಂಬರ್ ಮೊದಲ ದಿನಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಆ ಮನೆಯ ಹಿರಿಯರ ಆತ್ಮಕ್ಕೆ ಶಾಂತಿ ಕೋರಿ, ಪ್ರತಿಯಾಗಿ ‘ಸೋಲ್ ಕೇಕ್’ ಎಂಬ ಸಣ್ಣ ರೊಟ್ಟಿ ಪಡೆಯುತ್ತಿದ್ದರು. ಸ್ಕಾಟ್ಲೆಂಡ್‌ನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು, ಟರ್ನಿಪ್ ಗೆಡ್ಡೆ ಕೊರೆದು ಮಾಡಿದ ದೀಪ ಹಿಡಿದು ಹೊರಟ ಮಕ್ಕಳು ಒಂದು ಹಾಡನ್ನೋ ಪದ್ಯವನ್ನೋ ಒಪ್ಪಿಸಬೇಕಿತ್ತು. ಆಮೇಲೆ ಕೈಗೆ ಬರುತ್ತಿದ್ದುದು ಸೇಬು, ಬೀಜಗಳು, ನಾಣ್ಯ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ವಲಸೆ ಹೋದವರೊಂದಿಗೆ ಈ ರೂಢಿ ಅಟ್ಲಾಂಟಿಕ್ ದಾಟಿತು. 1930ರ ದಶಕದಲ್ಲಿ ಅಮೆರಿಕದ ಊರುಗಳಲ್ಲಿ ಹುಡುಗರ ಹ್ಯಾಲೋವೀನ್ ಪುಂಡಾಟ ಮಿತಿಮೀರಿದಾಗ, ಅದನ್ನು ತಣಿಸಲು ಬಾಗಿಲಲ್ಲಿ ತಿಂಡಿ ಕೊಡುವ ಪದ್ಧತಿ ಬಲಗೊಂಡಿತು. ಎರಡನೇ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಕೊನೆಗೊಂಡ ಮೇಲೆ ಅದು ದೇಶವ್ಯಾಪಿಯಾಯಿತು. ಆಗಲೂ ಚೀಲ ತುಂಬುತ್ತಿದ್ದುದು ಕಾರ್ಖಾನೆಯ ಮಾಲು ಮಾತ್ರವಲ್ಲ. ಬಿಸ್ಕತ್ತು, ನೆಲಗಡಲೆ, ಸೇಬು, ಐದು ಸೆಂಟ್ ಹತ್ತು ಸೆಂಟ್‌ನಂಥ ಸಣ್ಣ ನಾಣ್ಯಗಳ ಜೊತೆ ಪಾಪ್‌ಕಾರ್ನ್ ಉಂಡೆಯೂ ಇರುತ್ತಿತ್ತು. ಪಾಕ ಕಾಯಿಸಿ, ಅರಳಿದ ಜೋಳದ ಮೇಲೆ ಸುರಿದು, ಅಂಗೈಗೆ ಬೆಣ್ಣೆ ಸವರಿಕೊಂಡು, ಬಿಸಿ ಆರುವ ಮುನ್ನ ಉಂಡೆ ಕಟ್ಟಿ, ಮೇಣದ ಕಾಗದದಲ್ಲಿ ಸುತ್ತಿಡಬೇಕು. ನಮ್ಮ ಪುರಿ ಉಂಡೆ ಕಟ್ಟುವವರಿಗೆ ಇದನ್ನು ವಿವರಿಸಬೇಕಿಲ್ಲ. ಇಂದು ವಿಚಿತ್ರ ಎನಿಸುವ ಸೇಬು, ಕಾಸು, ಉಂಡೆಗಳು ಒಂದು ಕಾಲಕ್ಕೆ ಹಬ್ಬದ ಮಾಮೂಲಿ ಉಡುಗೊರೆಗಳೇ ಆಗಿದ್ದವು.

ಅವು ಮರೆಯಾಗಲು ಮಿಠಾಯಿ ಕಂಪನಿಗಳ ಜಾಹೀರಾತು ಒಂದು ಕಾರಣ. ಸಣ್ಣ ಪೊಟ್ಟಣಗಳ ಚೀಲ ಅಗ್ಗವಾಗಿ ಸಿಗತೊಡಗಿದ್ದರಿಂದ ದುಡಿಯುವ ತಾಯಂದಿರಿಗೆ ಅನುಕೂಲವಾದದ್ದೂ ನಿಜ. ಆದರೆ ಕೊನೆಯ ಪೆಟ್ಟು ಕೊಟ್ಟದ್ದು ಭಯ. 1964ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ನ ಗೃಹಿಣಿಯೊಬ್ಬರು, ಬೇಡುವ ವಯಸ್ಸು ಮೀರಿದ ಹುಡುಗರು ಬಂದರೆಂದು ನಾಯಿ ಬಿಸ್ಕತ್ತು, ಪಾತ್ರೆ ತಿಕ್ಕುವ ಉಕ್ಕಿನ ನಾರು, ಇರುವೆ ಪಾಷಾಣದ ಗುಂಡಿಗಳನ್ನು ಕೊಟ್ಟರು. ತಮಾಷೆಗೆಂದು ಅವರು ಹೇಳಿಕೊಂಡರೂ, ಯಾರಿಗೂ ಏನೂ ಆಗದಿದ್ದರೂ, ಮೊಕದ್ದಮೆ ದಾಖಲಾಯಿತು, ದಾಖಲಾದದ್ದು ಸರಿಯೇ. 1970ರಲ್ಲಿ ಡೆಟ್ರಾಯಿಟ್‌ನಲ್ಲಿ ಐದು ವರ್ಷದ ಮಗು ಹೆರಾಯಿನ್‌ನಿಂದ ಸತ್ತಾಗ ಹ್ಯಾಲೋವೀನ್ ಮಿಠಾಯಿಯ ಮೇಲೆ ಆರೋಪ ಬಂತು. ಮಗು ಮುಟ್ಟಿದ್ದು ಬಂಧುವೊಬ್ಬ ಇಟ್ಟಿದ್ದ ಮಾದಕವಸ್ತುವನ್ನು ಎಂಬುದು ಆಮೇಲೆ ತಿಳಿಯಿತು. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಹುಡುಗ ಸಯನೈಡ್ ಬೆರೆಸಿದ ಸಿಹಿಪುಡಿ ತಿಂದು ಸತ್ತ. ಯಾವುದೋ ಮನೆಯವರು ಕೊಟ್ಟದ್ದೆಂದು ತಂದೆ ಹೇಳಿದ. ವಿಮೆಯ ಹಣಕ್ಕಾಗಿ ವಿಷ ಬೆರೆಸಿದ್ದು ಆ ತಂದೆಯೇ ಎಂದು ನ್ಯಾಯಾಲಯದಲ್ಲಿ ಸಾಬೀತಾಗಿ, 1984ರಲ್ಲಿ ಆತನಿಗೆ ಮರಣದಂಡನೆಯಾಯಿತು. 1982ರ ಶರತ್ಕಾಲದಲ್ಲಿ ಷಿಕಾಗೊ ಸುತ್ತಮುತ್ತ ಅಂಗಡಿಯಲ್ಲಿದ್ದ ಟೈಲೆನಾಲ್ ಎಂಬ ನೋವಿನ ಮಾತ್ರೆಗಳಲ್ಲಿ ಯಾರೋ ಸಯನೈಡ್ ಸೇರಿಸಿದ್ದರಿಂದ ಏಳು ಮಂದಿ ಸತ್ತರು. ಅದಕ್ಕೂ ಹ್ಯಾಲೋವೀನ್‌ಗೂ ಸಂಬಂಧವಿರಲಿಲ್ಲ. ಆದರೆ ಹಬ್ಬ ಕೆಲವೇ ವಾರ ದೂರವಿತ್ತು. ಭಯ ದೇಶವನ್ನೆಲ್ಲ ಹಬ್ಬಿತು. ಆಸ್ಪತ್ರೆಗಳು ಮಕ್ಕಳ ಚೀಲಗಳನ್ನು ಎಕ್ಸ್‌ರೇ ಮಾಡಿಕೊಡಲು ಮುಂದೆ ಬಂದವು. ಬ್ಲೇಡು ಹುದುಗಿಸಿದ ಸೇಬು ಎಂಬ ಚಿತ್ರ ಜನಮನದಲ್ಲಿ ಶಾಶ್ವತವಾಗಿ ಕೂತಿತು.

ಈ ಭಯಕ್ಕೆ ಆಧಾರವೆಷ್ಟು ಎಂದು ವರ್ಷಗಟ್ಟಲೆ ಹುಡುಕಿದವರು ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್. 1958ರಿಂದೀಚೆಗೆ ಪತ್ರಿಕೆಗಳಲ್ಲಿ ಬಂದ ಇಂಥ ವರದಿಗಳನ್ನು ಅವರು ಒಂದೊಂದಾಗಿ ಬೆನ್ನಟ್ಟಿದರು. ಬಹುಪಾಲು ಪ್ರಕರಣಗಳು ಕಟ್ಟುಕತೆಗಳು. ಎಷ್ಟೋ ಸಲ ಮಕ್ಕಳೇ ಗಮನ ಸೆಳೆಯಲು ಹೂಡಿದ ಆಟಗಳು. ಬಾಗಿಲಿಗೆ ಬಂದ ಯಾವುದೋ ಮಗುವಿಗೆ ಅಪರಿಚಿತರು ವಿಷ ತಿನ್ನಿಸಿ ಕೊಂದ ಅಥವಾ ತೀವ್ರವಾಗಿ ಗಾಯಗೊಳಿಸಿದ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಹಾಗಾದರೆ ಆ ರಾತ್ರಿ ಮಕ್ಕಳಿಗೆ ಅಪಾಯವೇ ಇಲ್ಲವೆ? ಇದೆ, ಆದರೆ ಅದು ಚೀಲದಲ್ಲಿಲ್ಲ, ರಸ್ತೆಯಲ್ಲಿದೆ. 1975ರಿಂದ 2016ರವರೆಗಿನ ಅಪಘಾತಗಳ ದಾಖಲೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದ ಪ್ರಕಾರ, ಹ್ಯಾಲೋವೀನ್ ಸಂಜೆ ಪಾದಚಾರಿಗಳ ಸಾವಿನ ಅಪಾಯ ಆಸುಪಾಸಿನ ಸಂಜೆಗಳಿಗಿಂತ ಶೇ 43ರಷ್ಟು ಹೆಚ್ಚು. ನೆರೆಮನೆಯ ಅಜ್ಜಿ ಕೊಟ್ಟ ಸೇಬನ್ನು ಕಸದ ಬುಟ್ಟಿಗೆ ಎಸೆಯುವ ಸಮಾಜ, ಮಕ್ಕಳು ಓಡಾಡುವ ಬೀದಿಯಲ್ಲಿ ಕಾರುಗಳ ವೇಗ ತಗ್ಗಿಸಲು ಅದೇ ಹುರುಪು ತೋರಿಸಲಿಲ್ಲ. ತಪ್ಪು ಕಡೆ ಕಾವಲು ಕೂತರೆ ಸರಿಯಾದ ಕಡೆ ಬಾಗಿಲು ತೆರೆದೇ ಉಳಿಯುತ್ತದೆ.

ಆಧಾರವಿಲ್ಲದಿದ್ದರೇನಂತೆ, ಎಚ್ಚರವಾಗಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಮಗುವಿನ ವಿಷಯದಲ್ಲಿ ಯಾವ ತಾಯಿತಂದೆಗೂ ಅಂಕಿಅಂಶ ಸಮಾಧಾನ ಕೊಡುವುದಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗು ತಂದದ್ದನ್ನು ಒಮ್ಮೆ ಕಣ್ಣಾಡಿಸಿ ನೋಡುವುದು, ಪರಿಚಯವಿಲ್ಲದ ಮನೆಯ ತಿಂಡಿಯನ್ನು ಬದಿಗಿಡುವುದು ಅವರವರ ಹಕ್ಕು. ಆದರೆ ನಷ್ಟವೇ ಇಲ್ಲ ಎಂಬ ಮಾತನ್ನು ಒಪ್ಪಲಾಗದು. ಕಾರ್ಖಾನೆಯ ಮೊಹರನ್ನು ನಂಬಬಹುದು, ಎರಡು ಮನೆ ಆಚೆಗಿನ ಮನುಷ್ಯರನ್ನು ನಂಬಬಾರದು ಎಂಬ ಪಾಠವನ್ನು ಮಗು ಆ ರಾತ್ರಿ ಕಲಿಯುತ್ತದೆ. ಟೈಲೆನಾಲ್ ದುರಂತದಲ್ಲಿ ವಿಷ ಬಂದದ್ದು ಅಂಗಡಿಯ ಡಬ್ಬಿಯಿಂದ. ಆದರೂ ಅನುಮಾನ ತಿರುಗಿದ್ದು ನೆರೆಮನೆಯ ಅಡುಗೆಮನೆಯತ್ತ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಅಂದಾಜಿನಂತೆ 2023ರಲ್ಲಿ ಹ್ಯಾಲೋವೀನ್ ಮಿಠಾಯಿಗೇ 360 ಕೋಟಿ ಡಾಲರ್ ಖರ್ಚಾಯಿತು. ಅಷ್ಟು ಕೊಂಡ ಮೇಲೆ ಅದು ಹೆಚ್ಚಾಯಿತೆಂದು, ಹಲವು ಊರುಗಳಲ್ಲಿ ದಂತವೈದ್ಯರು ಮಕ್ಕಳಿಂದ ತೂಕದ ಲೆಕ್ಕದಲ್ಲಿ, ಸಾಮಾನ್ಯವಾಗಿ ಪೌಂಡಿಗೆ ಒಂದು ಡಾಲರಿನಂತೆ, ಅದೇ ಮಿಠಾಯಿಯನ್ನು ಮರಳಿ ಕೊಳ್ಳುತ್ತಾರೆ. ಯಾರು ಕೊಟ್ಟದ್ದೆಂದು ಗುರುತೇ ಸಿಗದ, ತೂಗಿ ಮಾರಬಹುದಾದ ವಸ್ತು ಉಡುಗೊರೆಯಾಗಿ ಎಷ್ಟು ಹೊತ್ತು ಉಳಿದೀತು?

ಮಕ್ಕಳಿಗೆ ಬೇಸರವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. 1966ರಲ್ಲಿ ಪ್ರಸಾರವಾದ, ಇಂದಿಗೂ ಅಮೆರಿಕನ್ನರು ನೋಡುವ ಚಾರ್ಲಿ ಬ್ರೌನ್ ಕಾರ್ಟೂನಿನಲ್ಲಿ ಬೇರೆ ಮಕ್ಕಳಿಗೆಲ್ಲ ಸಿಹಿ ಸಿಕ್ಕರೆ, ಆ ಪಾಪದ ಹುಡುಗನ ಚೀಲಕ್ಕೆ ಮನೆಮನೆಯಲ್ಲೂ ಬೀಳುವುದು ಕಲ್ಲು. ಕಾರ್ಯಕ್ರಮ ನೋಡಿದ ಜನ ಎಲ್ಲೆಲ್ಲಿಂದಲೋ ಚಾರ್ಲಿ ಬ್ರೌನ್‌ಗೆಂದೇ ಮಿಠಾಯಿಯ ಪೊಟ್ಟಣ ಕಳಿಸಿದರಂತೆ. ಬಾಗಿಲಲ್ಲಿ ಆಸೆಯಿಂದ ನಿಂತ ಮಗುವಿನ ಮುಖ ಬಾಡಬಾರದು ಎಂಬ ಈ ಭಾವನೆ ದೊಡ್ಡದು. ಹಾಗಾಗಿ ವಿಚಿತ್ರವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಮಗುವನ್ನು ನೋಡಿ ಕೊಟ್ಟದ್ದು ಬೇರೆ, ಮಗುವಿಗೆ ಬುದ್ಧಿ ಹೇಳಲು ಕೊಟ್ಟದ್ದು ಬೇರೆ. ಸಿಹಿಯ ಬದಲಿಗೆ ಕೈಗಿಡುವ ಕರಪತ್ರ ಆ ಮಗುವಿನ ಆಸೆಗೆ ಕೊಟ್ಟ ಉತ್ತರವಲ್ಲ, ಕೊಟ್ಟವರ ಹಟಕ್ಕೆ ಸಿಕ್ಕ ಅವಕಾಶ. ಹಲ್ಲಿನ ಬ್ರಷ್ಷೂ ಉಪದೇಶವಾಗಿ ಬಂದರೆ ಕಹಿಯೇ. ಒಂದು ಸಿಹಿಯ ಜೊತೆ ನಗುನಗುತ್ತ ಬಂದರೆ ನೆನಪಾಗುತ್ತದೆ. ಹಸಿ ಆಲೂಗೆಡ್ಡೆಯನ್ನು ಚಾಕೊಲೇಟಿನ ಪಕ್ಕ ಇಟ್ಟು ‘ಯಾವುದು ಬೇಕೋ ತಗೊ’ ಎಂದ ಮನೆಗಳಲ್ಲಿ ಮಕ್ಕಳು ಕುಣಿಯುತ್ತ ಆಲೂಗೆಡ್ಡೆ ಎತ್ತಿಕೊಂಡ ಸುದ್ದಿಗಳಿವೆ. ಮಿಠಾಯಿ ಮುಗಿದುಹೋದ ಮನೆಯಾತ ಜೇಬು ತಡಕಿ ಕೊಟ್ಟ ನಾಣ್ಯದಲ್ಲಿ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಮರ್ಯಾದೆಯಿದೆ. ಮಕ್ಕಳಿಗೆ ಬೇಕಾದದ್ದು ಸಕ್ಕರೆ ಮಾತ್ರ ಎಂದುಕೊಂಡವರು ಮಕ್ಕಳನ್ನು ಕಡಿಮೆ ಅಂದಾಜು ಮಾಡುತ್ತಾರೆ.

ಮಿಠಾಯಿಯಲ್ಲದ ವಸ್ತು ಎಷ್ಟು ಘನತೆಯಿಂದ ಈ ಹಬ್ಬದಲ್ಲಿ ನಿಲ್ಲಬಲ್ಲದು ಎಂಬುದಕ್ಕೆ ಎರಡು ಸಾಕ್ಷಿಗಳಿವೆ. 1950ರಲ್ಲಿ ಫಿಲಡೆಲ್ಫಿಯಾದ ಪಾದ್ರಿ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಅವರು ಮಕ್ಕಳನ್ನು ಸಿಹಿಗೆ ಬದಲು, ಯುದ್ಧಾನಂತರದ ಜಗತ್ತಿನ ಮಕ್ಕಳಿಗಾಗಿ ಯುನಿಸೆಫ್‌ಗೆ ಕಾಸು ಕೂಡಿಸಲು ಹೊರಡಿಸಿದರು. ಮೊದಲ ವರ್ಷ ಕೂಡಿದ್ದು 17 ಡಾಲರ್. ಮುಂದೆ ಆ ಕಾಸಿನ ಕಿತ್ತಳೆ ಬಣ್ಣದ ಪೆಟ್ಟಿಗೆ ದೇಶದಾದ್ಯಂತ ಶಾಲಾಮಕ್ಕಳ ಕೈಯಲ್ಲಿ ಓಡಾಡಿತು. ಎರಡನೆಯದು ಈಚಿನದು. ಅಮೆರಿಕದಲ್ಲಿ ಸುಮಾರು 13 ಮಕ್ಕಳಲ್ಲಿ ಒಬ್ಬರಿಗೆ ಆಹಾರದ ಅಲರ್ಜಿಯಿದೆ. ನೆಲಗಡಲೆಯ ಚೂರು ಸೇರಿದರೂ ಉಸಿರು ಕಟ್ಟುವ ಮಗುವಿಗೆ ಮೊಹರು ಹಾಕಿದ ಚಾಕೊಲೇಟೇ ವಿಷ. ಟೆನೆಸಿ ರಾಜ್ಯದ ಪೋಷಕರ ಗುಂಪೊಂದು ಮೊದಲು ಮಾಡಿ, 2014ರಿಂದ ದೇಶಕ್ಕೆಲ್ಲ ಹರಡಿದ ಕ್ರಮದಂತೆ, ಮನೆಯ ಮುಂದೆ ಹಸಿರುನೀಲಿ ಬಣ್ಣ ಬಳಿದ ಕುಂಬಳಕಾಯಿ ಇಟ್ಟರೆ ‘ಇಲ್ಲಿ ತಿಂಡಿಯಲ್ಲದ್ದೂ ಸಿಗುತ್ತದೆ’ ಎಂದರ್ಥ. ಅಲ್ಲಿ ಸಿಗುವುದು ಸ್ಟಿಕ್ಕರು, ಪೆನ್ಸಿಲು, ಸೋಪಿನ ಗುಳ್ಳೆ ಊದುವ ಡಬ್ಬಿ. ಬೇರೆ ಮಕ್ಕಳು ನಕ್ಕು ಬದಿಗಿಡುವ ಅದೇ ಪೆನ್ಸಿಲ್, ಈ ಮಗುವಿಗೆ ಹಬ್ಬದೊಳಗೆ ಪ್ರವೇಶ. ಮನೆತಿಂಡಿಯನ್ನು ಸುರಕ್ಷತೆಯ ಹೆಸರಿನಲ್ಲಿ ವಿರೋಧಿಸುವವರು, ಎಲ್ಲರಿಗೂ ಒಂದೇ ಪೊಟ್ಟಣ ಎಂಬ ನಿಯಮವೂ ಸುರಕ್ಷಿತವಲ್ಲ ಎಂಬುದನ್ನು ಇಲ್ಲಿ ಕಾಣಬೇಕು.

ಈ ಮಾತು ಕನ್ನಡಿಗರಿಗೆ ದೂರದ್ದೇನಲ್ಲ. ಬೆಂಗಳೂರಿನ ಹಲವು ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಮಕ್ಕಳು ಅಕ್ಟೋಬರ್ ಕೊನೆಗೆ ವೇಷ ಹಾಕಿ, ಪ್ಲಾಸ್ಟಿಕ್ ಬುಟ್ಟಿ ಹಿಡಿದು ಮಹಡಿಯಿಂದ ಮಹಡಿಗೆ ಓಡುತ್ತಾರೆ. ಪರದೇಶದ ಹಬ್ಬವೆಂದು ಅದನ್ನು ಹಳಿಯಬೇಕಾಗಿಲ್ಲ; ನೆರೆಯವರ ಹೆಸರೇ ಗೊತ್ತಿಲ್ಲದ ಕಟ್ಟಡದಲ್ಲಿ ಮಗುವೊಂದು ಬಾಗಿಲು ತಟ್ಟುವುದೇ ಒಳ್ಳೆಯ ಕೆಲಸ. ಆದರೆ ಎರವಲು ತರುವಾಗ ಅಮೆರಿಕದ ಭಯ ಮತ್ತು ಪೊಟ್ಟಣವನ್ನಷ್ಟೇ ತಂದರೆ ಸಾಲದು. ಹ್ಯಾಲೋವೀನ್‌ಗೂ ಸ್ವಲ್ಪ ಮುಂಚೆ ಬರುವ ನಮ್ಮ ನವರಾತ್ರಿಯಲ್ಲಿ ಹಳೇ ಮೈಸೂರಿನ ಮಕ್ಕಳು ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಮನೆಮನೆ ಹತ್ತುತ್ತಿದ್ದರು. ಗೊಂಬೆ ನೋಡಿ ಹೊರಟವರ ಕೈಗೆ ಬಾಗಿನವೆಂದು ಕೊಬ್ಬರಿ ಮಿಠಾಯಿ, ಕೋಡುಬಳೆ, ಉಸ್ಲಿ, ಏನೂ ಇಲ್ಲವಾದರೆ ಒಂದು ಹಿಡಿ ಪುರಿ ಬೀಳುತ್ತಿತ್ತು. ಕುಂದಾಪುರ, ಉಡುಪಿಯ ಕಡೆ ಹೂವಿನಕೋಲು ಹಿಡಿದು ಬಂದ ಹುಡುಗರು ಯಕ್ಷಗಾನದ ಮಾತು ಒಪ್ಪಿಸಿ, ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಕಾಣಿಕೆಯನ್ನು ಪಡೆಯುತ್ತಾರೆ. ಸ್ಕಾಟ್ಲೆಂಡಿನ ಮಸಿಮುಖದ ಮಕ್ಕಳು ಇವರ ದೂರದ ಒಡನಾಡಿಗಳು. ಯಾವ ಮನೆಯ ಕೋಡುಬಳೆ ಗರಿಗರಿ, ಯಾವ ಮನೆಯದು ಖಾರ ಎಂದು ಗೊಂಬೆ ನೋಡಲು ಹೋಗುತ್ತಿದ್ದ ಮಕ್ಕಳು ಹೇಳಬಲ್ಲವರಾಗಿದ್ದರು. ಮನೆಗಳನ್ನು ರುಚಿಯಿಂದ ಗುರುತಿಸುವ ಆ ತಿಳಿವಳಿಕೆಯನ್ನು ಯಾವ ಪೊಟ್ಟಣವೂ ಕೊಡಲಾರದು. ಈ ಬಾರಿ ಬಾಗಿಲು ತಟ್ಟಿದ ಮಗುವಿಗೆ ಚಾಕೊಲೇಟು ಕೊಡುವವರು ಕೊಡಲಿ. ಜೊತೆಗೆ, ಅಲರ್ಜಿ ಇದೆಯೇ ಎಂದು ಮಗುವಿನ ಹಿಂದೆ ನಿಂತ ತಾಯಿಯನ್ನು ಕೇಳಿ, ಮನೆಯಲ್ಲಿ ಕಟ್ಟಿದ ಒಂದು ಉಂಡೆಯನ್ನೂ ಇಡಲಿ. ಆ ಪ್ರಶ್ನೆ ಕೇಳುವಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ. ಎರಡು ಮನೆಯವರು ಪರಸ್ಪರ ಹೆಸರು ತಿಳಿಯಲು ಅಷ್ಟು ಹೊತ್ತು ಸಾಕು.